ಎಂಬತ್ತೇಳನೆಯ ಪುಟ

ಲಿಫ್ಟ್ ರಿಪೇರಿಯವನು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಪಕ್ಕದಲ್ಲಿದ್ದ ಸುವಾಸನೆಯ ಮೇಣದಬತ್ತಿಗಳ ಸಾಲು ಒಮ್ಮೆ ನಡುಗಿತು. ಪುಸ್ತಕದಂಗಡಿಯಲ್ಲಿ ಮೇಣದಬತ್ತಿ ಯಾಕೆ ಎಂದು ಕೇಳುವುದನ್ನು ಜನ ಬಿಟ್ಟು ನಾಲ್ಕು ವರ್ಷವಾಗಿತ್ತು.

"ಅಕ್ಕಾ, ಎಂಬತ್ತೇಳನೇ ಪುಟ ಓದಿದೆ. ಅಲ್ಲಿ ಏನೂ ಇಲ್ಲ," ಎಂದ. "ಕೈತಪ್ಪಿ ನೂರು ಬಿಟ್ಟುಹೋಗಿರಬೇಕು ಅಂತ ನೂರ ಎಂಬತ್ತೇಳೂ ನೋಡಿದೆ. ಅಲ್ಲೂ ಇಲ್ಲ. ಹಟಕ್ಕೆ ಬಿದ್ದು ಕೊನೇವರೆಗೂ ಹೋದೆ. ಮೂರು ಭಾನುವಾರ ಮಣ್ಣುಪಾಲು."

ಚೀಟಿಯಕ್ಕ ಐದು ವಾರದ ರಜೆ ಮುಗಿಸಿ ಅಂಗಡಿಗೆ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಅತ್ತೆಯ ಎರಡೂ ಕಣ್ಣಿನ ಪೊರೆ ತೆಗೆಸಿ, ದಿನಕ್ಕೆ ಆರು ಸಲ ಹನಿ ಹಾಕಿ, ಅವರ ಬೈಗುಳ ಕೇಳಿಸಿಕೊಂಡು ಬಂದಿದ್ದಳು. ಮೇಲಂತಸ್ತಿನ ಕಥೆ ಕಾದಂಬರಿಗಳ ವಿಭಾಗಕ್ಕೆ, ಅಂದರೆ ಇಪ್ಪತ್ತಾರು ವರ್ಷದಿಂದ ತನ್ನದೇ ಆಗಿದ್ದ ಜಾಗಕ್ಕೆ, ಇನ್ನೂ ಹತ್ತಿರಲಿಲ್ಲ. ಕನ್ನಡಕ ಮೂಗಿಗೇರಿಸಿ ಪುಸ್ತಕ ನೋಡಿದಳು. ಹೊಳೆಯುವ ರಕ್ಷಾಪುಟ, ಅದರ ಮೇಲೆ ಉಬ್ಬಿದ ಚಿನ್ನದ ಅಕ್ಷರ. ಜನ್ಮದಲ್ಲಿ ಕಂಡ ಪುಸ್ತಕವಲ್ಲ.

"ಇದನ್ನ ನಾನು ಹೇಳಿದ್ನಾ?"

"ನೀವಲ್ಲದೆ ಇನ್ಯಾರು?" ಅವನು ಪುಸ್ತಕದೊಳಗಿಂದ ಒಂದು ಚೀಟಿ ಎಳೆದ. "ಚೀಟಿ ಕೀಳಬಾರದು ಅಂತ ಗೊತ್ತು. ಆದ್ರೆ ಜಗಳಕ್ಕೆ ಸಾಕ್ಷಿ ಬೇಕಲ್ಲ ಅಂತ ಈಗ ಮೇಲೆ ಹೋಗಿ ಕಿತ್ಕೊಂಡ್ ಬಂದೆ."

ಅಂಗೈಯಗಲದ ಕೆನೆಬಣ್ಣದ ರಟ್ಟು. ಮೂರು ಸಾಲು ಹೊಗಳಿಕೆ. ಕೆಳಗೆ 'ಚೀಟಿಯಕ್ಕ' ಎಂಬ ಸಹಿ. ಮೂಲೆಯಲ್ಲಿ, ವಾಡಿಕೆಯಂತೆ: 'ಪುಟ ೮೭ರವರೆಗೆ ತಾಳಿ.'

ಅಕ್ಷರ ಅವಳದೇ. ಬಾಲ ತುಸು ಎಡಕ್ಕೆ ಎಳೆದ ಒತ್ತುಗಳು, ಅವಸರದಲ್ಲಿ ಮುಚ್ಚದೆ ಬಿಟ್ಟ ಸೊನ್ನೆ, ಎಲ್ಲವೂ ಅವಳವೇ. ಮಾತು ಮಾತ್ರ ಅವಳದಲ್ಲ. 'ಹೃದಯ ಮುಟ್ಟುವ, ಮನಸ್ಸು ತಟ್ಟುವ ಅನುಭವ' ಎಂದಿತ್ತು. ಮುಟ್ಟುವ, ತಟ್ಟುವ! ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಚೀಟಿಯಲ್ಲಿ ಅವಳು ಹಾಗೆ ಬರೆದಿದ್ದರೆ ಅವಳ ಅತ್ತೆ ಅವಳಿಗೆ ರಾತ್ರಿ ಊಟಕ್ಕೆ ಬಡಿಸುತ್ತಿರಲಿಲ್ಲ.

ಲಿಫ್ಟ್ ರಿಪೇರಿಯವನು ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಹದಿನಾಲ್ಕು ವರ್ಷದ ಗಿರಾಕಿ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ಕೆಟ್ಟಾಗ ಬಿಡಿಭಾಗ ಬರುವ ತನಕ ಮೋಟಾರಿನ ಕೋಣೆಯಲ್ಲಿ ಕೂತು, ದಿಂಬಿನಷ್ಟು ದಪ್ಪದ ಅನುವಾದಿತ ಕಾದಂಬರಿಗಳನ್ನು ಓದಿ ಮುಗಿಸುವ ಆಸಾಮಿ. ಅವನು ಸ್ವರ ತಗ್ಗಿಸಿ ಕೇಳಿದ:

"ಬೇಜಾರು ಮಾಡ್ಕೋಬೇಡಿ. ಏನಾದ್ರೂ ತಗೊಂಡ್ರಾ ಅಕ್ಕ? ಮನೇಲಿ ಆಪರೇಷನ್ನು, ಖರ್ಚು... ನನಗೆ ಅರ್ಥ ಆಗುತ್ತೆ."

ಬೈದಿದ್ದರೆ ಸಹಿಸಬಹುದಿತ್ತು. ಅವನು ಕ್ಷಮಿಸುತ್ತಿದ್ದ. ಅದೇ ಅವಳ ಮೈಗೆ ಬೆಂಕಿ ಇಟ್ಟಂತಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಅಂಗಡಿ ಒಂದೇ ಅಂಗಡಿಯಲ್ಲ. ತೊಂಬತ್ತೊಂದು ವರ್ಷದ ಹಿಂದೆ ನ್ಯಾಯಾಲಯದ ಎದುರು ಕಾನೂನು ಪುಸ್ತಕ ಮಾರಲು ತೆರೆದ ಒಂದು ಕಿಟಕಿ ಬೆಳೆದು, ದೇಶದ ತುಂಬ ಅರವತ್ತೆಂಟು ಶಾಖೆಗಳಾಗಿದ್ದವು. ಜನ ಫೋನಿನಲ್ಲಿ ಪುಸ್ತಕ ತರಿಸಿಕೊಳ್ಳಲು ಕಲಿತ ಮೇಲೆ ಅಂಗಡಿ ಬದುಕಲು ನಾನಾ ವೇಷ ಹಾಕಿತು. ಮೊದಲು ಆಟಿಕೆ ಬಂತು, ಆಮೇಲೆ ಕಾಫಿಯ ಯಂತ್ರ, ಆಮೇಲೆ ಮೇಣದಬತ್ತಿ, ಯೋಗದ ಚಾಪೆ. ಒಂದೊಂದು ಬಂದಾಗಲೂ ಎರಡೆರಡು ಕಪಾಟು ಹೊರಗೆ ಹೋದವು. ಕೊನೆಗೆ ಬಂದವರು ಹೊಸ ಮುಖ್ಯಸ್ಥರು. ಹಿಂದೆ ಪಾದರಕ್ಷೆಯ ಅಂಗಡಿಗಳನ್ನು ನಡೆಸಿದವರು, ಆದ್ದರಿಂದ ನೌಕರರ ಬಾಯಲ್ಲಿ ಬೂಟು ಸಾಹೇಬರು. ಜನಕ್ಕೆ ದೊಡ್ಡ ಕಂಪನಿ ಅಂದರೆ ಸಾಕಾಗಿದೆ, ಅವರಿಗೆ ಬೀದಿ ತಿರುವಿನ ಪುಟ್ಟ ಅಂಗಡಿ ಬೇಕು ಎಂದು ಅವರು ಕಂಡುಹಿಡಿದರು. ಸರಿ, ಅರವತ್ತೆಂಟು ಕಡೆಯೂ ಬೀದಿ ತಿರುವಿನ ಪುಟ್ಟ ಅಂಗಡಿಯಾಗಬೇಕೆಂದು ಆಜ್ಞೆಯಾಯಿತು. ಅದಕ್ಕೆ 'ನೆರೆಮನೆ ಯೋಜನೆ' ಎಂದು ಹೆಸರು. ಅರವತ್ತು ವರ್ಷ ಬಾಳಿದ್ದ ಗಟ್ಟಿಮರದ ಕಪಾಟುಗಳನ್ನು ಹರಾಜು ಹಾಕಿ, ಹಳೆಯದರಂತೆ ಕಾಣಲಿ ಎಂದು ಕಾರ್ಖಾನೆಯಲ್ಲಿ ಸರಪಳಿಯಿಂದ ಹೊಡೆಸಿ ಗಾಯ ಮಾಡಿಸಿದ ಹೊಸ ಕಪಾಟುಗಳನ್ನು ತಂದಿಟ್ಟರು.

ಆದರೆ ಪುಟ್ಟ ಅಂಗಡಿಗೆ ಒಂದು ಮುಖ ಬೇಕಲ್ಲ. ಅದು ಚೀಟಿಯಕ್ಕನ ಹತ್ತಿರ ಇತ್ತು.

ಅವಳು ಕೆಲಸಕ್ಕೆ ಸೇರಿದ ಎರಡನೇ ವರ್ಷ ಶುರುವಾದ ಅಭ್ಯಾಸ ಅದು. ತಾನು ಪೂರ್ತಿ ಓದಿದ ಪುಸ್ತಕದ ಕೆಳಗೆ, ಕಪಾಟಿನ ಅಂಚಿಗೆ, ಮೂರು ಸಾಲಿನ ಒಂದು ಚೀಟಿ ಸಿಕ್ಕಿಸುವುದು. ಮೂಲೆಯಲ್ಲಿ ಒಂದು ಪುಟಸಂಖ್ಯೆ: ಅಲ್ಲಿಯವರೆಗೆ ತಾಳಿ, ಅಲ್ಲಿಂದಾಚೆ ಪುಸ್ತಕವೇ ನಿಮ್ಮನ್ನು ನೋಡಿಕೊಳ್ಳುತ್ತದೆ ಎಂಬರ್ಥದಲ್ಲಿ. ಆ ಸಂಖ್ಯೆ ಯಾವತ್ತೂ ಸುಳ್ಳಾಗುತ್ತಿರಲಿಲ್ಲ. ಗಿರಾಕಿಗಳು ಅದಕ್ಕೆ ಪಂಥ ಕಟ್ಟಿದ್ದರು, ಸೋತಿದ್ದರು. ಹೇಗೆ ಕಂಡುಹಿಡೀತೀರಿ ಎಂದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಸಂಗತಿ ಇಷ್ಟೇ. ಮನೆಯಲ್ಲಿ ಇರುವುದು ಇಬ್ಬರು, ಅತ್ತೆ ಮತ್ತು ಸೊಸೆ. ನಡುವೆ ಇದ್ದವನು, ಒಬ್ಬರಿಗೆ ಮಗ ಇನ್ನೊಬ್ಬರಿಗೆ ಗಂಡ, ತೀರಿಕೊಂಡು ಹತ್ತೊಂಬತ್ತು ವರ್ಷ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತು ಊರವರ ಮಾತಿಗೆ ತಂತಿ ಜೋಡಿಸಿದವರು. ಕೇಳಬಾರದೆಂದು ನಿಯಮವಿತ್ತು, ಕೇಳುತ್ತಿದ್ದರು. ಯಾವ ಮಾತು ಬರೀ ಗಾಳಿ, ಯಾವ ಮಾತಿನಲ್ಲಿ ಹುರುಳಿದೆ ಎಂಬುದು ಅವರಿಗೆ ಎರಡು ಉಸಿರಿನಲ್ಲಿ ತಿಳಿಯುತ್ತಿತ್ತು. ಸಂಜೆ ಸೊಸೆ ಅಂಗಡಿಯಿಂದ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದುವಳು. ಅತ್ತೆ ತರಕಾರಿ ಹೆಚ್ಚುತ್ತ ಕೇಳುವರು. ಶುರುವಿನಲ್ಲಿ "ಇದೇನೇ ಇದು, ತಲೆಬುಡ ಇಲ್ಲ" ಅನ್ನುವರು. "ಸಾಕು, ಮುಚ್ಚು" ಅನ್ನುವರು. ಒಂದು ದಿನ ಸೊಸೆ ನೀರು ಕುಡಿಯಲೆಂದು ನಿಲ್ಲಿಸಿದಾಗ ಚಾಕು ನಿಲ್ಲಿಸಿ, ತಲೆಯೆತ್ತದೆ, "ಆಮೇಲೆ?" ಅನ್ನುವರು. ಆ ಪುಟವೇ ಚೀಟಿಯ ಮೂಲೆಗೆ ಬರುತ್ತಿದ್ದ ಪುಟ. ಕೊನೆಯ ತನಕ "ಆಮೇಲೆ?" ಬಾರದ ಪುಸ್ತಕಕ್ಕೆ ಚೀಟಿಯೇ ಇಲ್ಲ, ಅದನ್ನು ಬರೆದವರು ಎಷ್ಟೇ ದೊಡ್ಡವರಾಗಿರಲಿ.

ಇದು ಹೊರಗಿನ ನರಪಿಳ್ಳೆಗೂ ಗೊತ್ತಿರಲಿಲ್ಲ.

ಚೀಟಿಯಕ್ಕ ಲಿಫ್ಟ್ ರಿಪೇರಿಯವನಿಗೆ ಅಲ್ಲೇ ನಿಲ್ಲು ಎಂದು ಕೈಸನ್ನೆ ಮಾಡಿ ಮೇಲಂತಸ್ತಿಗೆ ಹತ್ತಿದಳು. ಗಾಯ ಮಾಡಿಸಿಕೊಂಡ ಕಪಾಟುಗಳ ತುಂಬ ಚೀಟಿ. ಹಿಂದೆಲ್ಲ ಇಡೀ ವಿಭಾಗಕ್ಕೆ ನಲವತ್ತು ಮೀರುತ್ತಿರಲಿಲ್ಲ. ಈಗ ಎರಡು ಪುಸ್ತಕಕ್ಕೊಂದು. ತೂಕ ಇಳಿಸುವ ಪುಸ್ತಕಕ್ಕೆ ಚೀಟಿ, ಶ್ರೀಮಂತರಾಗುವ ಪುಸ್ತಕಕ್ಕೆ ಚೀಟಿ. ಎಲ್ಲವೂ ಅವಳ ಕೈಬರಹ. ಎಲ್ಲದರ ಮೂಲೆಯಲ್ಲೂ ಎಂಬತ್ತೇಳು. ಮಕ್ಕಳ ಮೂಲೆಗೆ ಹೋದಳು. ರಟ್ಟಿನ ಹಾಳೆಗಳ, ಒತ್ತಿದರೆ ಬಾತುಕೋಳಿ ಕೂಗುವ ಒಂದು ಪುಸ್ತಕ. ಅದರಲ್ಲಿರುವುದೇ ಹನ್ನೆರಡು ಪುಟ. ಅದರ ಕೆಳಗೂ ಇತ್ತು: 'ಪುಟ ೮೭ರವರೆಗೆ ತಾಳಿ. ಚೀಟಿಯಕ್ಕ.'

ಅವಳು ಬಾತುಕೋಳಿಯನ್ನು ಎತ್ತಿಕೊಂಡು ಮ್ಯಾನೇಜರನ ಕೋಣೆಗೆ ನುಗ್ಗಿದಳು.

ಮ್ಯಾನೇಜರ್ ಇಪ್ಪತ್ತು ವರ್ಷದ ಹಿಂದೆ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚಲು ಸೇರಿದವನು. ಪುಸ್ತಕದ ಬೆನ್ನು ಮುರಿಯದಂತೆ ಹಿಡಿಯುವುದನ್ನು ಅವನಿಗೆ ಕಲಿಸಿದವಳೇ ಅವಳು. ಬೇರೆಯವರೆದುರು ಬಹುವಚನ, ಇಬ್ಬರೇ ಇದ್ದಾಗ ಏಕವಚನ.

"ಏನೋ ಇದು?"

"ಅಕ್ಕ, ಕೂತ್ಕೊಳ್ಳಿ. ಅತ್ತೆ ಹೇಗಿದ್ದಾರೆ?"

"ಅತ್ತೆ ಕಣ್ಣಿಗೆ ಬೆಳಕು ಬಂತು, ನಿಮ್ಮ ಕಣ್ಣಿಗೆ ಯಾವಾಗ ಬರುತ್ತೆ? ಹನ್ನೆರಡು ಪುಟದ ಬಾತುಕೋಳಿಗೆ ಎಂಬತ್ತೇಳನೇ ಪುಟ ಎಲ್ಲಿಂದ ಬರುತ್ತೋ? ಮೊಟ್ಟೆ ಇಡುತ್ತಾ?"

ಅವನು ಎದ್ದು ಬಾಗಿಲು ಮುಚ್ಚಿದ. "ಆಲ್ಬಮ್‌ಗೆ ಅಂತ ಅಕ್ಷರ ಬರೆದುಕೊಟ್ಟಿದ್ರಲ್ಲ, ನೆನಪಿದೆಯಾ?"

ನೆನಪಿತ್ತು. ಆರು ತಿಂಗಳ ಹಿಂದೆ ಕೇಂದ್ರ ಕಚೇರಿಯಿಂದ ಒಬ್ಬಳು ಹುಡುಗಿ ಬಂದಿದ್ದಳು. ನಗುಮುಖ, ಕೈಯಲ್ಲಿ ಚೌಕಳಿ ಕಾಗದ. ಕಂಪನಿಯ ನೆನಪಿನ ಆಲ್ಬಮ್‌ಗೆ ನಿಮ್ಮ ಅಕ್ಷರ ಬೇಕು ಮೇಡಂ, ಒಂದೊಂದು ಚೌಕಕ್ಕೆ ಒಂದೊಂದು, ಒತ್ತು ದೀರ್ಘ ಸಮೇತ, ಅಂಕಿ ಸಮೇತ ಎಂದಿದ್ದಳು. ಚೀಟಿಯಕ್ಕ ಹೆಮ್ಮೆಯಿಂದ ಎರಡು ಸಂಜೆ ಕೂತು ಬರೆದಿದ್ದಳು. ಅತ್ತೆ ಮಬ್ಬುಗಣ್ಣಿನಲ್ಲೇ ನೋಡಿ, "ಈ ವಯಸ್ಸಲ್ಲಿ ಅಕ್ಷರ ತಿದ್ದಿಸ್ತಿದಾರಲ್ಲೇ" ಎಂದು ನಕ್ಕಿದ್ದರು. ಮಾದರಿಗೆ ಇರಲಿ ಎಂದು ಹುಡುಗಿ ಹಳೆಯ ಚೀಟಿಯೊಂದನ್ನೂ ಒಯ್ದಿದ್ದಳು. ಸಣ್ಣ ಅಕ್ಷರದ ಒಂದು ಹಾಳೆಗೆ ಸಹಿಯನ್ನೂ ಹಾಕಿಸಿಕೊಂಡಿದ್ದಳು. ಬದುಕಿಡೀ ಓದಿದವಳು ಅದೊಂದು ಹಾಳೆಯನ್ನು ಓದಿರಲಿಲ್ಲ.

"ಆ ಅಕ್ಷರದಿಂದ ಕಂಪ್ಯೂಟರಿಗೆ ಫಾಂಟ್ ಮಾಡಿಸಿದ್ರು ಅಕ್ಕ. ಈಗ ಅರವತ್ತೆಂಟು ಶಾಖೇಲೂ ನಿಮ್ಮ ಚೀಟಿ. ಮಾದರಿಗೆ ಒಯ್ದ ಚೀಟಿಯ ಮೂಲೇಲಿದ್ದ ಎಂಬತ್ತೇಳನ್ನ ಡಿಸೈನು ಅಂದ್ಕೊಂಡ್ರು. ಹಾಗೇ ಬಿಟ್ರು."

"ಮಾತು ಯಾರು ಬರೀತಾರೆ?"

ಮ್ಯಾನೇಜರ್ ಮೇಜಿನ ಮೇಲಿನ ಪೆನ್ನನ್ನು ಆಚೆ ಸರಿಸಿ ಈಚೆ ಸರಿಸಿದ. "ಪ್ರಕಾಶಕರೇ ಕಳಿಸ್ತಾರೆ. ಕಣ್ಣೆತ್ತರದ ಚೀಟಿಗೆ ಒಂದು ರೇಟು, ಮೊಣಕಾಲೆತ್ತರಕ್ಕೆ ಒಂದು ರೇಟು."

ಅವಳು ಬಾತುಕೋಳಿಯನ್ನು ಅವನ ಮೇಜಿನ ಮೇಲಿಟ್ಟಳು. ಕೆಳಗೆ ಕಾಫಿಯ ಯಂತ್ರ ಬುಸುಗುಟ್ಟಿತು.

"ಹಾಗಾದ್ರೆ ಆ ಲಿಫ್ಟ್ ರಿಪೇರಿಯವನು ಕೇಳಿದ್ದು ಸರಿ," ಎಂದಳು. "ತಿಂದಿದ್ದು ನಿಜ. ತಿಂದೋರು ನೀವು, ಬಾಯಿ ಒರೆಸಿದ್ದು ನನ್ನ ಸೆರಗಿಗೆ."

"ಅಕ್ಕ, ಒಂದು ಮಾತು ಕೇಳಿ. ಹತ್ತೊಂಬತ್ತು ಶಾಖೆ ಮುಚ್ಚೋ ಪಟ್ಟಿಯಲ್ಲಿತ್ತು, ನಮ್ಮದೂ ಇತ್ತು. ಈ ಚೀಟಿ ಬಂದ ಮೇಲೆ ವ್ಯಾಪಾರ ಏರಿದೆ, ಸುಳ್ಳಲ್ಲ. ನಮ್ಮ ಹನ್ನೊಂದು ಜನರ ಕೆಲಸ ಉಳಿದಿರೋದು ನಿಮ್ಮ ಅಕ್ಷರದಿಂದ."

"ಅಕ್ಷರದಿಂದಲ್ಲ ಕಣೋ. ಇಪ್ಪತ್ತಾರು ವರ್ಷ ಸುಳ್ಳು ಹೇಳದೆ ಇದ್ದದ್ದರಿಂದ. ಕೂಡಿಟ್ಟ ಆ ನಂಬಿಕೇನ ಐದು ವಾರದಲ್ಲಿ ಮಾರ್ತಾ ಇದೀರಿ. ಅದು ಮುಗಿದ ಮೇಲೆ ಏನು ಮಾರ್ತೀರಿ? ಬಾತುಕೋಳಿನಾ?" ಅವಳು ಬಾಗಿಲಿನತ್ತ ತಿರುಗಿದಳು. "ಇರಲಿ. ಸುಳ್ಳು ಚೀಟಿಯ ಪಕ್ಕ ನನ್ನ ನಿಜವಾದ ಚೀಟಿ ಇಡ್ತೀನಿ. ಜನಕ್ಕೆ ಗೊತ್ತಾಗುತ್ತೆ."

ಮ್ಯಾನೇಜರ್ ಕಣ್ಣು ತಪ್ಪಿಸಿ ಒಂದು ಸುತ್ತೋಲೆ ಮುಂದೆ ತಳ್ಳಿದ. ಏಳನೇ ಅಂಶದ ಕೆಳಗೆ ಗೆರೆ ಎಳೆದಿತ್ತು: 'ಎಲ್ಲ ಶಾಖೆಗಳಲ್ಲಿ ಏಕರೂಪತೆ ಕಾಪಾಡುವ ದೃಷ್ಟಿಯಿಂದ, ಕೈಬರಹದ ಚೀಟಿಗಳನ್ನು ಇನ್ನು ಮುಂದೆ ಕೈಯಿಂದ ಬರೆಯತಕ್ಕದ್ದಲ್ಲ.'

ಅವಳು ಅದನ್ನು ಎರಡು ಸಲ ಓದಿದಳು. ತಮಾಷೆ ಇರಬಹುದು ಎಂದು ಮೂರನೇ ಸಲವೂ ಓದಿದಳು.

ಸಂಜೆ ಅತ್ತೆಗೆ ಹೇಳಿದಾಗ ಅತ್ತೆ ಬೀನ್ಸ್ ಬುಟ್ಟಿ ಪಕ್ಕಕ್ಕಿಟ್ಟರು. ಪೊರೆ ತೆಗೆಸಿದ ಮೇಲೆ ಅವರು ಎಲ್ಲವನ್ನೂ ಕಣ್ಣರಳಿಸಿ ನೋಡುತ್ತಿದ್ದರು, ಗೋಡೆಯ ಬಿರುಕನ್ನು, ಸೊಸೆಯ ಬಿಳಿಕೂದಲನ್ನು. ಕಣ್ಣು ಬಂತಲ್ಲ, ಇನ್ನು ನೀವೇ ಓದಿಕೊಳ್ಳಿ ಎಂದರೆ ಮಾತ್ರ, "ಓದೋದು ನಿನ್ನ ಕೆಲಸ, ಕೇಳೋದು ನನ್ನ ಕೆಲಸ" ಎಂದು ಬಿಟ್ಟಿದ್ದರು.

"ನೀನು ಸಹಿ ಹಾಕಿದ್ದು ಯಾಕೆ?"

"ಆಲ್ಬಮ್ ಅಂದ್ರು ಅತ್ತೆ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗಾಯ್ತು ನಿನ್ನ ಬುದ್ಧಿ." ಬುಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡು, "ಎಂಬತ್ತೇಳು ಯಾವುದು ಹೇಳು? ಅದೇ, ದೀಪಸ್ತಂಭ ಕಾಯೋನ ಹೆಂಡತಿ ಕಾಗದ ಸುಡ್ತಾಳಲ್ಲ, ಅದು. ಅವತ್ತು ಬೆರಳು ಕುಯ್ಕೊಂಡಿದ್ದೆ ನಾನು." ಎಡಗೈಯ ತೋರುಬೆರಳಿನ ಹಳೆಯ ಗೆರೆಯನ್ನು ಎತ್ತಿ ತೋರಿಸಿದರು. "ಇದನ್ನ ಡಿಸೈನು ಅಂದ್ರಾ ಅವರು? ನನ್ನ ರಕ್ತಾನ?"

ಮಾರನೆಯ ದಿನ ಚೀಟಿಯಕ್ಕ ಕೇಂದ್ರ ಕಚೇರಿಗೆ ಪತ್ರ ಬರೆದಳು. ನನ್ನ ಹೆಸರು ತೆಗೆಯಿರಿ, ಅಷ್ಟೇ ಸಾಕು. ಎಂಟು ದಿನಕ್ಕೆ ಉತ್ತರ ಬಂತು. 'ಚೀಟಿಯಕ್ಕ' ಎಂಬುದು ತಮ್ಮ ಹೆಸರಲ್ಲ, ಸಂಸ್ಥೆಯ ಸ್ವತ್ತು. ತಮ್ಮ ಹೆಸರನ್ನು ಸಂಸ್ಥೆ ಎಲ್ಲಿಯೂ ಬಳಸಿಲ್ಲ. ತಮ್ಮ ಸಹಕಾರಕ್ಕೆ ಧನ್ಯವಾದಗಳು. ಉತ್ತರ ಯಾವ ಅಕ್ಷರದಲ್ಲಿತ್ತು ಎಂದು ಬೇರೆ ಹೇಳಬೇಕೆ? ಅವಳದೇ ಅಕ್ಷರದಲ್ಲಿತ್ತು. ಸಂಸ್ಥೆ ಈಗ ತನ್ನ ಕಾಗದಪತ್ರಕ್ಕೆಲ್ಲ ಅದನ್ನೇ ಬಳಸುತ್ತಿತ್ತು, ಆತ್ಮೀಯವಾಗಿ ಕಾಣುತ್ತದೆಂದು. ತನ್ನ ಕೈಯೇ ತನ್ನ ಕೆನ್ನೆಗೆ ಹೊಡೆದಂತಾಯಿತು.

ಅಷ್ಟರಲ್ಲಿ ಮೂವರು ಹಳೆಯ ಗಿರಾಕಿಗಳು ಬರುವುದು ನಿಲ್ಲಿಸಿದ್ದರು. ದಂತವೈದ್ಯೆಯೊಬ್ಬಳು ಬಂದವಳು ಚೀಟಿಗಳನ್ನು ನೋಡಿ, ಚೀಟಿಯಕ್ಕನನ್ನು ನೋಡಿ, ಒಂದು ಮೇಣದಬತ್ತಿ ಕೊಂಡು ಹೋದಳು. ಲಿಫ್ಟ್ ರಿಪೇರಿಯವನಿಗೆ ಅವಳು ಎಲ್ಲವನ್ನೂ ವಿವರಿಸಿದ್ದಳು. ಅವನು ನಂಬಿದೆ ಎಂದ. ಆದರೆ ಅಂದು ಪುಸ್ತಕ ಕೊಳ್ಳಲಿಲ್ಲ.

ತಿಂಗಳ ಕೊನೆಗೆ ಬೂಟು ಸಾಹೇಬರೇ ಬಂದರು. ಜೊತೆಗೆ ಆಲ್ಬಮ್ ಹುಡುಗಿ, ಒಬ್ಬ ಛಾಯಾಗ್ರಾಹಕ, ದೀಪ ಹಿಡಿಯುವವನು ಇನ್ನೊಬ್ಬ. ಯೋಜನೆಯ ದೊಡ್ಡ ಚಿತ್ರಕ್ಕೆ 'ಮೂಲ ಚೀಟಿಯಕ್ಕ' ಬೇಕಾಗಿದ್ದಳು. ಮೇಲಂತಸ್ತಿನ ಕಿಟಕಿಯ ಹತ್ತಿರ ಒಂದು ಹಳೆಯ ಮೇಜು ಇಟ್ಟರು. ಹಳೆಯದಲ್ಲ, ಹೊಡೆಸಿಕೊಂಡದ್ದು.

ಸಾಹೇಬರು ಕೆಟ್ಟವರಾಗಿ ಕಾಣಲಿಲ್ಲ. ಕೈಕುಲುಕಿದರು. "ನಿಮ್ಮ ಕೈ ಅರವತ್ತೆಂಟು ಊರಲ್ಲಿ ಕೆಲಸ ಮಾಡ್ತಿದೆಯಮ್ಮ," ಎಂದರು, ಅಭಿನಂದಿಸುವಂತೆ.

"ನನಗೆ ಮಾತ್ರ ಕೆಲಸ ಇಲ್ಲ ಸಾರ್. ಬರೆಯೋ ಹಾಗಿಲ್ಲವಂತೆ."

ಸಾಹೇಬರು ಗಟ್ಟಿಯಾಗಿ ನಕ್ಕರು. "ಹಾಸ್ಯ! ನೋಡಿ, ಇದೇ ಬೇಕು ನಮಗೆ."

"ಸಾರ್, ಈ ಪುಸ್ತಕಗಳನ್ನ ನಾನು ಓದಿಲ್ಲ."

"ಯಾರು ಓದ್ತಾರಮ್ಮ? ಬೂಟು ಮಾರೋನು ಎಲ್ಲ ಬೂಟೂ ಹಾಕ್ಕೊಂಡು ನೋಡ್ತಾನಾ?"

"ಕಚ್ಚುತ್ತೋ ಇಲ್ಲವೋ ಅಂತ ಗಿರಾಕಿ ಅಂಗಡಿಯಲ್ಲೇ ಹಾಕಿ ನೋಡ್ತಾನೆ ಸಾರ್. ಪುಸ್ತಕ ಹಾಗಲ್ಲ. ಮನೆಗೆ ಹೋಗಿ ಮೂರು ಭಾನುವಾರ ಕಳೆದ ಮೇಲೆ ಕಚ್ಚುತ್ತೆ. ಅದಕ್ಕೇ ಇನ್ನೊಬ್ಬರು ಮೊದಲು ಹಾಕ್ಕೊಂಡು ನೋಡಿರಬೇಕು."

ಸಾಹೇಬರು ತಲೆದೂಗಿದರು. ಬಹಳ ಚೆನ್ನಾಗಿದೆ, ಬರೆದುಕೊಳ್ಳಿ ಎಂದು ಹುಡುಗಿಗೆ ಸನ್ನೆ ಮಾಡಿದರು. ಹುಡುಗಿ ಬರೆದುಕೊಂಡಳು. ಆಮೇಲೆ ಪೆನ್ಸಿಲ್ ಎತ್ತಿ ಹಿಡಿದು, ಮೆಲ್ಲಗೆ ಕೇಳಿದಳು:

"ಮೇಡಂ, ಆ ನಂಬರ್... ಡಿಸೈನ್ ಅಲ್ಲ ಅಂತ ಮ್ಯಾನೇಜರ್ ಹತ್ರ ಹೇಳಿದ್ರಂತೆ. ಅದರ ಹಿಂದಿನ ಕಥೆ ಏನು? ಹೇಳಿದ್ರೆ ಚಿತ್ರದ ಜೊತೆ ಹಾಕ್ತೀವಿ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಡುಗೆಮನೆ, ಸ್ಟೂಲು, ನಿಂತ ಚಾಕು. ಹೇಳಿಬಿಟ್ಟರೆ ಇವರ ಮುಖಕ್ಕೆ ಮಸಿ ಬಳಿದಂತಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ಆದರೆ ಹುಡುಗಿಯ ಪೆನ್ಸಿಲ್ ನೋಡಿದಳು. ಇವತ್ತು ಹೇಳಿದರೆ ನಾಳೆ ಅತ್ತೆಯ ಮನೆಬಾಗಿಲಿಗೆ ದೀಪ ಹಿಡಿದು ಬರುತ್ತಾರೆ. ನಾಡಿದ್ದು ಅರವತ್ತೆಂಟು ಅಂಗಡಿಯ ಧ್ವನಿವರ್ಧಕದಲ್ಲಿ ಅತ್ತೆಯ ದನಿ 'ಆಮೇಲೆ? ಆಮೇಲೆ?' ಎಂದು, ಗಿರಾಕಿ ಕಪಾಟಿನ ಮುಂದೆ ನಿಂತಾಗಲೆಲ್ಲ ಕೂಗುತ್ತದೆ. ಬಾತುಕೋಳಿಯ ಹಾಗೆ.

"ಹೇಳಲ್ಲ," ಎಂದಳು.

"ಸ್ವಲ್ಪ ಏನಾದ್ರೂ..."

"ಇಲ್ಲಮ್ಮ. ಅದು ನಮ್ಮನೇದು."

ಛಾಯಾಗ್ರಾಹಕ ಅವಸರ ಮಾಡಿದ, ಬೆಳಕು ಹೋಗುತ್ತಿತ್ತು. ಚೀಟಿಯಕ್ಕ ಮೇಜಿನ ಮುಂದೆ ಕೂತಳು. ದೊಡ್ಡದೊಂದು ಕೆನೆಬಣ್ಣದ ರಟ್ಟು ಕೊಟ್ಟರು. ಏನು ಬರೆಯಲಿ ಎಂದು ಕೇಳಿದಳು.

"ಏನಾದ್ರೂ ಬರೀರಿ ಮೇಡಂ, ಪರವಾಗಿಲ್ಲ. ನಮಗೆ ಕೈ ಮುಖ್ಯ."

ಸುತ್ತೋಲೆ ಬಂದ ಮೇಲೆ ಅಂಗಡಿಯಲ್ಲಿ ಅವಳು ಕೈಯಿಂದ ಬರೆಯುತ್ತಿದ್ದದ್ದು ಅದೇ ಮೊದಲು, ಅದೂ ಮುಖ್ಯಸ್ಥರ ಅಪ್ಪಣೆಯಿಂದ. ಅವಳು ಬರೆದಳು. ನಿಧಾನವಾಗಿ, ದುಂಡಗೆ, ಬಾಲಗಳನ್ನು ಎಡಕ್ಕೆ ಎಳೆದು, ಐದು ಸಾಲು. ಕ್ಯಾಮರಾ ಮೂವತ್ತು ನಲವತ್ತು ಸಲ ಕ್ಲಿಕ್ಕೆಂದಿತು. ಸಾಹೇಬರು ಬೆನ್ನ ಹಿಂದೆ ನಿಂತು ಬಾಗಿ ನೋಡಿದರು. "ಎಷ್ಟು ಮುದ್ದಾಗಿದೆ!" ಎಂದರು ಸಾಹೇಬರು. ಹುಡುಗಿ, "ಜೀವ ಇದೆ ಸಾರ್" ಎಂದಳು. ಮ್ಯಾನೇಜರ್ ಮೆಟ್ಟಿಲ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದ. ಐದು ಸಾಲು ಐದು ಜನರ ಕಣ್ಣೆದುರು ಬಿದ್ದಿತ್ತು. ಒಬ್ಬರೂ ಓದಲಿಲ್ಲ.

ಅವಳು ಕಾದಳು. ಈಗ ಗೊತ್ತಾಗುತ್ತದೆ, ನಾಳೆ ಗೊತ್ತಾಗುತ್ತದೆ. ಫೋನು ಬರಲಿಲ್ಲ. ಚಿತ್ರ ಕೇಂದ್ರ ಕಚೇರಿಗೆ ಹೋಯಿತು, ಅಲ್ಲಿ ವಿನ್ಯಾಸದವರು ಬಣ್ಣ ತಿದ್ದಿದರು, ಪ್ರಚಾರದವರು ಒಪ್ಪಿದರು, ವಕೀಲರೂ ಒಪ್ಪಿದರಂತೆ. ಮೂರು ವಾರಕ್ಕೆ ಉದ್ದನೆಯ ಕೊಳವೆಯಲ್ಲಿ ಸುತ್ತಿದ ಪೋಸ್ಟರ್ ಬಂತು. ಶುಕ್ರವಾರ ಅರವತ್ತೆಂಟು ಶಾಖೆಗಳ ಬೀದಿಕಿಟಕಿಗಳಲ್ಲಿ ಏಕಕಾಲಕ್ಕೆ ಅಂಟಿತು. ಆಳೆತ್ತರದ ಕೈ, ಪೆನ್ನು, ಅದರ ಕೆಳಗೆ ಅಂಗೈಯಷ್ಟಗಲದ ಒಂದೊಂದು ಅಕ್ಷರ.

ಮೊದಲು ಓದಿದವನು ಲಿಫ್ಟ್ ರಿಪೇರಿಯವನು. ಶನಿವಾರ ಬೆಳಿಗ್ಗೆ ಹತ್ತಕ್ಕೆ, ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡೇ ಒಳಗೆ ಬಂದ. ನಗು ತಡೆಯಲು ಹೋಗಿ ಕೆಮ್ಮು ಬಂದಿತ್ತು.

"ಅಕ್ಕಾ! ಹೊರಗಡೆ... ಅದು ನೀವೇ ಬರೆದದ್ದಾ? ನಿಜವಾಗ್ಲೂ?"

"ಕೈಯಾರೆ."

"ಇವರು ಯಾರೂ..."

"ಪುಸ್ತಕದಂಗಡಿಯವರಪ್ಪ. ಓದಕ್ಕೆ ಪುರುಸೊತ್ತೆಲ್ಲಿ?"

ಅವನು ಮೇಜಿನ ಅಂಚು ಹಿಡಿದುಕೊಂಡು ನಕ್ಕ. ಆಮೇಲೆ ಗಂಭೀರನಾಗಿ, ಅತ್ತಿತ್ತ ನೋಡಿ ಕೇಳಿದ, "ಹೊಸದು ಏನಾದ್ರೂ ಓದಿದ್ರಾ? ನೀವು?"

ಚೀಟಿಯಕ್ಕ ಮೇಲಿನಿಂದ ಒಂದು ಪುಸ್ತಕ ತಂದು ಕೊಟ್ಟಳು. ಚೀಟಿ ಇರಲಿಲ್ಲ. ಬಾಗಿ, ಕಿವಿಯ ಹತ್ತಿರ ಒಂದು ಸಂಖ್ಯೆ ಹೇಳಿದಳು. ಅವನು ತಲೆಯಾಡಿಸಿ ಬಿಲ್ ಮಾಡಿಸಲು ಹೋದ.

ಭಾನುವಾರ ಪೋಸ್ಟರಿನ ಮುಂದೆ ಸಣ್ಣ ಗುಂಪು. ದಂತವೈದ್ಯೆ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದಳು. ಸೋಮವಾರ ಹನ್ನೊಂದಕ್ಕೆ ಕೇಂದ್ರ ಕಚೇರಿಯ ಫೋನು ಬಂತು. ಮ್ಯಾನೇಜರ್ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡೇ ಕೇಳಿದ. ಕೆಳಗಿಟ್ಟವನು ಹೊರಗೆ ಹೋಗಿ, ಪಾದಚಾರಿ ದಾರಿಯಲ್ಲಿ ನಿಂತು, ಮೂರು ದಿನದಿಂದ ತನ್ನ ತಲೆಯ ಮೇಲೆ ತೂಗುತ್ತಿದ್ದದ್ದನ್ನು ಮೊದಲ ಬಾರಿಗೆ ಓದಿದ. ಒಳಗೆ ಬಂದಾಗ ಮುಖ ಸುಣ್ಣದ ಹಾಗಿತ್ತು.

"ಯಾವಾಗ ಬರೆದ್ರಿ ಅಕ್ಕ ಇದನ್ನ?"

"ನಿನ್ನೆದುರಿಗೇ ಕಣೋ."

"ಅರವತ್ತೆಂಟು ಕಡೆನೂ ಕೀಳ್ಬೇಕಂತೆ, ಈಗ್ಲೇ. ಎಲ್ಲ ಚೀಟಿನೂ ತೆಗೀಬೇಕಂತೆ. ಪ್ರಕಾಶಕರು ಗಲಾಟೆ ಮಾಡ್ತಿದಾರಂತೆ." ಫೋನಿನ ಬೆನ್ನಿಗೇ ಕಂಪ್ಯೂಟರಿಗೆ ಬಂದಿದ್ದ ನೋಟೀಸಿನ ಪ್ರತಿಯನ್ನು ಅವಳ ಕೈಗಿಟ್ಟ. "ನಿಮ್ಮಿಂದ ಲಿಖಿತ ವಿವರಣೆ ಕೇಳಿದಾರೆ. ನಾಳೆ ಸಂಜೆಯೊಳಗೆ."

"ಲಿಖಿತ ಅಂದ್ರೆ? ಕೈಯಲ್ಲಿ ಬರೆಯೋ ಹಾಗಿಲ್ಲವಲ್ಲ."

ಅವನು ನಗಲಿಲ್ಲ. ನಗಬಾರದೆಂದು ತುಂಬ ಕಷ್ಟಪಟ್ಟ.

ಏಣಿ ಗೋದಾಮಿನ ಹಿಂದೆ ಎಲ್ಲೋ ಇತ್ತು, ಹುಡುಕಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಚೀಟಿಯಕ್ಕ ಮನೆಗೆ ಫೋನು ಮಾಡಿದ್ದಳು. ಇಪ್ಪತ್ತು ನಿಮಿಷಕ್ಕೆ ಅಂಗಡಿಯ ಮುಂದೆ ಟ್ಯಾಕ್ಸಿ ನಿಂತಿತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಇಳಿದರು. ಡ್ರೈವರ್ ಚಿಲ್ಲರೆ ಇಲ್ಲ ಎಂದದ್ದಕ್ಕೆ, "ಚಿಲ್ಲರೆ ಇಲ್ಲದೋನು ವ್ಯಾಪಾರಕ್ಕೆ ಯಾಕಪ್ಪ ಬರ್ತೀಯ" ಎಂದು ಕೇಳಿ ಮುಗಿಸಿ ಈ ಕಡೆ ತಿರುಗಿದರು.

ಮ್ಯಾನೇಜರ್ ಆಗಲೇ ಏಣಿಯನ್ನು ಗಾಜಿಗೆ ಒರಗಿಸಿ ಎರಡು ಮೆಟ್ಟಿಲು ಹತ್ತಿದ್ದ.

"ಇಳಿಯೋ ಕೆಳಗೆ," ಎಂದರು ಅತ್ತೆ. "ನಾನು ಓದ್ಬೇಕು."

"ಅತ್ತೆಮ್ಮ, ನನ್ನ ಕೆಲಸ ಹೋಗುತ್ತೆ."

"ಐದು ಸಾಲಿಗೆ ಯಾರ ಕೆಲಸಾನೂ ಹೋಗಲ್ಲ. ಇಳಿ."

ಅವನು ಇಳಿದ. ಏಣಿ ಹಿಡಿದುಕೊಂಡು ಪಕ್ಕಕ್ಕೆ ನಿಂತ. ಒಳಗೆ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಯಾರೂ ಎತ್ತಲು ಹೋಗಲಿಲ್ಲ. ಅತ್ತೆ ಕಪ್ಪು ಕನ್ನಡಕ ತೆಗೆದು ಸೊಸೆಯ ಕೈಗೆ ಕೊಟ್ಟರು. ಎರಡು ಹೆಜ್ಜೆ ಹಿಂದೆ ಸರಿದು, ಗಾಜಿನ ಮೇಲೆ ಬಿದ್ದ ಬಿಸಿಲಿಗೆ ಕೈ ಅಡ್ಡ ಹಿಡಿದು, ಎಕ್ಸ್‌ಚೇಂಜಿನ ಆ ಹಳೆಯ ಸ್ಪಷ್ಟ ದನಿಯಲ್ಲಿ, ಬೀದಿಯ ಆಚೆ ಬದಿಗೂ ಕೇಳುವಂತೆ ಓದತೊಡಗಿದರು:

"'ಇಲ್ಲಿರುವ ಯಾವ ಚೀಟಿಯೂ ನಾನು ಬರೆದದ್ದಲ್ಲ. ಈ ಪುಸ್ತಕಗಳನ್ನು ನಾನು ಓದಿಲ್ಲ. ಇವನ್ನು ಮಾರುವವರೂ ಓದಿಲ್ಲ. ಓದಿದ್ದರೆ ಈ ಚೀಟಿಯನ್ನು ಇಲ್ಲಿ ಅಂಟಿಸುತ್ತಿರಲಿಲ್ಲ. ಇಷ್ಟನ್ನು ನೀವು ಓದಿದ್ದರೆ ಒಳಗೆ ಬಂದು ನನ್ನನ್ನೇ ಕೇಳಿ.'"

ನಿಲ್ಲಿಸಿದರು. ಸಂಖ್ಯೆ ಎಲ್ಲಿ ಎಂದು ಮೂಲೆಯಲ್ಲಿ ಹುಡುಕಿದರು. ಇರಲಿಲ್ಲ.

"ಪುಟ ಹಾಕಿಲ್ವಲ್ಲೇ?"

"ನೀವು ಇನ್ನೂ ಕೇಳಿರಲಿಲ್ಲವಲ್ಲ ಅತ್ತೆ."

ಅತ್ತೆ ಪೋಸ್ಟರನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಏಣಿ ಹಿಡಿದು ನಿಂತ ಮ್ಯಾನೇಜರನನ್ನು ನೋಡಿದರು. ಸೊಸೆಯ ಕೈಯಲ್ಲಿದ್ದ, ವಿವರಣೆ ಕೇಳಿದ ನೋಟೀಸನ್ನು ನೋಡಿದರು. ಅದು ಸೊಸೆಯದೇ ದುಂಡನೆಯ ಅಕ್ಷರದಲ್ಲಿತ್ತು.

"ಆಮೇಲೆ?" ಎಂದರು.